ಚೊಳಚಗುಡ್ಡದವರ ಕಣ್ಣು

ಮಹಾನಂದಾ ಸೈಕಾಲಜಿಯಲ್ಲಿ ಎಂ.ಎ. ಮುಗಿಸಿ ಪಿಎಚ್.ಡಿ. ಮಾಡುತ್ತೇನೆಂದು ಹೊರಟಾಗ ಬಾಗಲಕೋಟೆಯ ಅವಳ ಮನೆಯಲ್ಲಿ ಅದು ಎಂಥ ಓದು ಎಂಬುದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಹುಚ್ಚರಿಗೆ ಸಂಬಂಧಪಟ್ಟ ವಿದ್ಯೆ ಇರಬೇಕೆಂದು ಅವಳ ತಂದೆಯ ಅನುಮಾನ. ಅರಳೆ ಅಂಗಡಿಗೆ ಬಂದವರು ಮಗಳ ಓದಿನ ಬಗ್ಗೆ ಕೇಳಿದರೆ ‘ಸಾಯನ್ಸ್’ ಎಂದಷ್ಟೇ ಹೇಳಿ, ಮಳೆಯ ಮಾತು ತೆಗೆಯುತ್ತಿದ್ದರು. ಇಷ್ಟು ಕಲಿತದ್ದು ಸಾಕು, ಲಗ್ನ ಮಾಡಿಬಿಡೋಣ ಎಂದು ಹಟ ಹಿಡಿದಿದ್ದ ಅವರನ್ನು ಒಪ್ಪಿಸಿದವಳು ಅವರ ಅಕ್ಕ ಗುರುಲಿಂಗವ್ವ. ಅವಳು ಚೊಳಚಗುಡ್ಡದಿಂದ ಬಸ್ಸು ಹತ್ತಿ ಬಂದು, ತಮ್ಮನ ಎದುರಿಗೆ ಕಾಲು ಚಾಚಿ ಕುಳಿತು, ಒಂದೇ ಮಾತು ಹೇಳಿದಳು.

"ಹುಡುಗಿ ಪಾಸಾಗ್ತಾಳ. ಆಗಲಿಲ್ಲ ಅಂದ್ರ ನನ್ನ ಕೇಳು."

ಗುರುಲಿಂಗವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಓದು ಎಂದರೆ ಅವಳ ಲೆಕ್ಕದಲ್ಲಿ ಒಂದೋ ಪಾಸು, ಇಲ್ಲವೇ ಫೇಲು. ಸಂಶೋಧನೆ ಎಂಬ ಮೂರನೆಯದೊಂದು ಇದೆ ಎಂದು ಮಹಾನಂದಾ ಎಷ್ಟೋ ಸಲ ಬಿಡಿಸಿ ಹೇಳಿದ್ದಳು. ಅತ್ತೆ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿ, ಕೊನೆಗೆ "ಪಾಸಾದ್ರ ಆತು ಬಿಡು" ಎನ್ನುತ್ತಿದ್ದಳು.

ಇದು ಎಪ್ಪತ್ತೆಂಟನೆಯ ಇಸವಿಯ ಮಾತು. ಧಾರವಾಡದಲ್ಲಿ ಮಹಾನಂದಾಳಿಗೆ ಮಾರ್ಗದರ್ಶಕರಾಗಿದ್ದವರು ಇನಾಮದಾರ ಎಂಬ ಪ್ರೊಫೆಸರು. ಒಳ್ಳೆಯ ಮನುಷ್ಯ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಬಂದರೂ ಮೆದುಳಿನ ಬಗ್ಗೆ ಮಾತನಾಡತೊಡಗಿದರೆ ಹುಡುಗರು ಗಂಟೆ ಹೊಡೆದದ್ದನ್ನೂ ಮರೆಯುತ್ತಿದ್ದರು. "ಕಣ್ಣು ನೋಡೂದಿಲ್ರಿ, ನೋಡೂದು ಮೆದುಳು. ಕಣ್ಣು ಬರೇ ಕಿಟಕಿ" ಎಂದು ಅವರು ವರ್ಷಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದರು. ಅವರು ಮಹಾನಂದಾಳ ಕೈಗೆ ಒಂದು ಸಾಗವಾನಿ ಹಲಗೆ ಕೊಟ್ಟಿದ್ದರು. ಅದರ ಮೇಲೆ ಅಕ್ಕಪಕ್ಕ ಎರಡು ಅಡ್ಡ ಗೆರೆ. ಒಂದು ಗೆರೆಯ ಎರಡೂ ತುದಿ ಬಾಣದ ಮೊನೆಯಂತೆ ಒಳಕ್ಕೆ ಮಡಿಚಿದ್ದವು. ಇನ್ನೊಂದರ ತುದಿಗಳು ಕವೆಗೋಲಿನಂತೆ ಹೊರಕ್ಕೆ ಚಾಚಿದ್ದವು. ಕವೆಯ ಗೆರೆ ಇದ್ದ ಪಟ್ಟಿಯನ್ನು ಹಲಗೆಯ ಒಳಗಿನಿಂದ ಹೊರಕ್ಕೆ ಎಳೆಯಬಹುದಿತ್ತು. ಎಳೆದಷ್ಟೂ ಗೆರೆ ಉದ್ದವಾಗುತ್ತಿತ್ತು. ಎರಡೂ ಗೆರೆ ಸಮ ಎನ್ನಿಸಿದಲ್ಲಿ ನಿಲ್ಲಿಸಬೇಕು. ಕವೆಯ ಗೆರೆ ಇದ್ದುದಕ್ಕಿಂತ ಉದ್ದವಾಗಿ ಕಾಣುವುದರಿಂದ ಸಾಮಾನ್ಯವಾಗಿ ಎಲ್ಲರೂ ಬೇಗ ನಿಲ್ಲಿಸಿಬಿಡುತ್ತಾರೆ. ಎಷ್ಟು ಬೇಗ ನಿಲ್ಲಿಸಿದರು ಎಂಬುದನ್ನು ಹಲಗೆಯ ಬೆನ್ನಿಗಿದ್ದ ಅಳತೆಪಟ್ಟಿ ಹೇಳುತ್ತಿತ್ತು.

ಪರದೇಶದ ಪುಸ್ತಕಗಳಲ್ಲಿ ಒಂದು ವಾದವಿತ್ತು. ನೇರ ಗೋಡೆ, ಚೌಕ ಕೋಣೆಗಳ ನಡುವೆ ಬೆಳೆದವರ ಕಣ್ಣು ಇಂಥ ಗೆರೆಗಳಿಗೆ ಹೆಚ್ಚು ಮೋಸಹೋಗುತ್ತದೆ. ಗಿಡಮರಗಳ ನಡುವೆ ಬದುಕುವವರದು ಅಷ್ಟಾಗಿ ಮೋಸಹೋಗುವುದಿಲ್ಲ ಎಂದು. ನಮ್ಮತ್ತೆಯ ಊರಿನಲ್ಲಿ ವೀಳ್ಯದೆಲೆ ಬಳ್ಳಿಯ ತೋಟ, ಬಾಳೆ, ತೆಂಗು ಬಹಳ ಎಂದು ಮಹಾನಂದಾ ಒಮ್ಮೆ ಮಾತಿಗೆ ಹೇಳಿದ್ದೇ ತಡ, ಸರ್ ಕುರ್ಚಿಯಿಂದ ಎದ್ದುಬಿಟ್ಟರು.

"ಅಲ್ರೀ, ಇಷ್ಟು ದಿವಸ ಯಾಕ ಹೇಳಲಿಲ್ಲ? ಆ ಮಂದಿ ನಸುಕಿನಿಂದ ಸಂಜೀತನ ಬಳ್ಳಿ ಒಳಗ ಇರ್ತಾರ. ನೆಟ್ಟಗಿನ ಗೆರಿ ಅಂಬೂದನ್ನ ನೋಡಿರೂದೇ ಇಲ್ಲ!"

ಚೊಳಚಗುಡ್ಡದ ಮನೆಗಳಿಗೂ ಬೇರೆ ಊರುಗಳಲ್ಲಿ ಇರುವಂತೆ ನಾಲ್ಕೇ ಮೂಲೆ ಎಂದು ಹೇಳಲು ಮಹಾನಂದಾ ಬಾಯಿ ತೆರೆದಳು. ಅಷ್ಟರಲ್ಲಿ ಸರ್ ಚಹಾ ತರಿಸಿ, ಪ್ರಬಂಧಕ್ಕೆ ಹೆಸರು ಯೋಚಿಸತೊಡಗಿದ್ದರು.

ಹೋಲಿಸಿ ನೋಡಲು ಮೊದಲು ಪೇಟೆಯ ಊರುಗಳಾಗಲಿ ಎಂದು ಅವಳು ಹುನಗುಂದಕ್ಕೆ ಹೋದಳು. ಕೋರ್ಟಿನ ಮುಂದಿನ ಬೇವಿನ ನೆರಳಿನಲ್ಲಿ ಪಾಳಿಗಾಗಿ ಕಾಯುವ ಮಂದಿ ಬೇಕಾದಷ್ಟಿದ್ದರು, ಬಿಡುವೂ ಇತ್ತು. ಅವರೆಲ್ಲ ಅವಳನ್ನು ಸರಕಾರದ ಕಡೆಯವಳೆಂದೇ ತಿಳಿದರು. ಹೊಲದ ಬದುವಿನ ತಂಟೆಗೆ ಬಂದಿದ್ದ ಬೀರಲಿಂಗಪ್ಪ ಎಂಬವರು ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇಲ್ಲಿ ನಾ ಸಮ ಅಂದೆ ಅಂದ್ರ ಮುಂದ ಅದನ್ನ ಜಡ್ಜ್ ಸಾಹೇಬ್ರಿಗೆ ತೋರಸ್ತೀರೇನ್ರಿ?" ಎಂದು ಕೇಳಿದರು. ಇಲ್ಲವೆಂದು ಅವಳು ಆಣೆ ಮಾಡಿದ ಮೇಲೆ ಒಂದು ಕಣ್ಣು ಮುಚ್ಚಿ, ಬಹಳ ಹುಷಾರಾಗಿ ಎಳೆದು, ಎರಡು ಬೆರಳಿನಷ್ಟು ಮೊದಲೇ ನಿಲ್ಲಿಸಿದರು. ಮಿಕ್ಕವರದೂ ಹೆಚ್ಚುಕಡಿಮೆ ಅಷ್ಟೇ. ಇಳಕಲ್‌ನಲ್ಲಿ ಹಾಸ್ಟೆಲಿನ ಗೆಳತಿ ಶಹರಬಾನುವಿನ ಮನೆಯಲ್ಲಿ ಉಳಿದು ನೇಕಾರ ಓಣಿಯಲ್ಲಿ ಕೇಳಿದಾಗಲೂ ಅದೇ ಎರಡು ಬೆರಳು. ಪುಸ್ತಕದಲ್ಲಿ ಇದ್ದದ್ದೂ ಅದೇ. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಮೇಲೆ ಅವಳು ಬಾದಾಮಿಯಲ್ಲಿ ಬಸ್ಸು ಬದಲಿಸಿ ಚೊಳಚಗುಡ್ಡಕ್ಕೆ ಬಂದಳು.

ಗುರುಲಿಂಗವ್ವ ಸೋದರಸೊಸೆಯ ಮುಖ ತೊಳೆಯಿಸಿ, ರೊಟ್ಟಿ ಉಣ್ಣಿಸಿ, ಆಮೇಲೆ ಹಲಗೆ ನೋಡಿದಳು. ಮೊದಲು ತಾನೇ ಎಳೆಯುತ್ತೇನೆ ಎಂದು ಕುಳಿತಳು. ಎಳೆದು, ಹೆಮ್ಮೆಯಿಂದ ಮುಂದಿಟ್ಟಳು. ಮಹಾನಂದಾ ಹಲಗೆಯ ಬೆನ್ನು ತಿರುವಿ ನೋಡಿ, ಅಭ್ಯಾಸಬಲದಿಂದ ಪುಸ್ತಕದ ಮಾತನ್ನೇ ಆಡಿದಳು.

"ತಪ್ಪು ಎರಡು ಬೆರಳಿಗಿಂತ ತುಸು ಹೆಚ್ಚು ಬಂತು ಅತ್ತಿ."

"ತಪ್ಪು?" ಗುರುಲಿಂಗವ್ವನ ಮುಖ ಸಣ್ಣದಾಯಿತು. "ನಂದು ತಪ್ಪಾತು?"

"ಎಲ್ಲಾರಿಗೂ ಆಗತೈತಿ. ಅದಕ್ಕ ತಪ್ಪು ಅಂತಾರ ಅಷ್ಟ. ನಾಳಿಂದ ನಿಮ್ಮ ಊರ ಮಂದೀನೆಲ್ಲ ಒಬ್ಬೊಬ್ಬರನ್ನ ಕರದು ಕೂಡಸ್ತಿಯೇನು?"

"ಊರ ಮಂದಿ ತಪ್ಪು ಮಾಡಿದ್ರ ನಿನ್ನ ಸಾಹೇಬ್ರು ಏನಂತಾರ?"

"ಎಷ್ಟು ಕಡಿಮಿ ತಪ್ಪು ಮಾಡ್ತಾರ ಅಷ್ಟು ಖುಷಿ ಅವ್ರಿಗೆ" ಎಂದು ಮಹಾನಂದಾ ನಕ್ಕಳು. ಅದು ನಿಜವೂ ಆಗಿತ್ತು.

ಗುರುಲಿಂಗವ್ವ ನಗಲಿಲ್ಲ. ಮರುದಿನ ಮುಂಜಾನೆ ಸೊಸೆಯನ್ನು ಬನಶಂಕರಿಯ ದರ್ಶನಕ್ಕೆ ಕಳಿಸಿ, ತಾನು ಹಲಗೆ ಹಿಡಿದು ಅಡುಗೆಮನೆಯಲ್ಲಿ ಕುಳಿತಳು. ಅಳತೆಪಟ್ಟಿ ಅವಳಿಗೆ ಓದಲು ಬಾರದು. ಆದರೆ ನೂಲು ಇತ್ತು. ಬಾಣದ ಗೆರೆಗೆ ನೂಲು ಹಿಡಿದು, ಅಷ್ಟೇ ನೂಲನ್ನು ಕವೆಯ ಗೆರೆಗೆ ಹಿಡಿದು ಎಳೆದು, ಎರಡೂ ಸಮ ಆದಲ್ಲಿ ಪಟ್ಟಿಯ ಕೆಳ ಅಂಚಿಗೆ ದಬ್ಬಣದಿಂದ ಒಂದು ಸಣ್ಣ ಗೀರು ಹಾಕಿದಳು. ಕಣ್ಣಿಗೆ ಬೀಳದ, ಹೆಬ್ಬೆರಳಿಗೆ ಮಾತ್ರ ಹತ್ತುವ ಗೀರು. ಪಟ್ಟಿ ಹೊರಬರುವ ಹಲಗೆಯ ಬಾಯಿಗೆ ಹೆಬ್ಬೆರಳು ಇಟ್ಟುಕೊಂಡು ಎಳೆದರೆ ಆ ಗೀರು ಬಂದು ತಾಕುತ್ತಿತ್ತು. ಅಲ್ಲಿ ನಿಲ್ಲಿಸಿದರಾಯಿತು. ಸೊಸೆ ಪ್ರಸಾದ ಹಿಡಿದು ಬರುವಷ್ಟರಲ್ಲಿ ಹಲಗೆ ಇದ್ದಲ್ಲಿಯೇ ಇತ್ತು.

ಮೊದಲ ದಿನ ಬಂದವಳು ಬಾಳವ್ವ. ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಬಂದವರಿಗೆ ರೊಟ್ಟಿ, ಪುಂಡಿಪಲ್ಯ ಮಾರುವ ಗಟ್ಟಿ ಹೆಂಗಸು. ಪಡಸಾಲೆಯಲ್ಲಿ ಕುಳಿತು, ಹಲಗೆ ತೊಡೆಯ ಮೇಲಿಟ್ಟುಕೊಂಡು, ಬಾಗಿಲಲ್ಲಿ ನಿಂತ ಗುರುಲಿಂಗವ್ವನ ಕೂಡ ಜೋಳದ ಧಾರಣೆ ಮಾತನಾಡುತ್ತಲೇ ಸರ್ರನೆ ಎಳೆದು ನಿಲ್ಲಿಸಿದಳು. ಮಹಾನಂದಾ ಬೆನ್ನು ತಿರುವಿ ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮತ್ತೊಮ್ಮೆ ಎಳೆಯಿಸಿದಳು. ಮತ್ತೆ ಅಷ್ಟೇ.

ಆಮೇಲೆ ಬಂದ ಮಾಯವ್ವನದೂ ಸಮ. ತೋಟದಾಳು ಶಿವಲಿಂಗಪ್ಪನದೂ ಸಮ. ಚಹಾ ಕುಡಿದು ಒಬ್ಬೊಬ್ಬರಾಗಿ ಒಳಗೆ ಬಂದು, ಗೆರೆಗಳ ಕಡೆ ಒಂದು ಸಲ ಸೌಜನ್ಯಕ್ಕೆಂಬಂತೆ ನೋಡಿ, ಎಳೆದು, ಸಮ ಮಾಡಿಟ್ಟು ಹೋದರು. ಇಷ್ಟು ನಿರಾಳವಾಗಿ ಎಳೆಯುವವರನ್ನು ಮಹಾನಂದಾ ಎಲ್ಲೂ ಕಂಡಿರಲಿಲ್ಲ. ಹುನಗುಂದದವರು ಬೆವರಿದ್ದರು. ಇವರು ಮಾಡಿನ ಕಡೆ ನೋಡುತ್ತ ಎಳೆಯುತ್ತಿದ್ದರು. ಇನಾಮದಾರ ಸರ್ ಹೇಳಿದ್ದು ಕೊನೆಗೂ ಖರೆ ಆಯಿತಲ್ಲ ಎಂದು ಅವಳು ಅಂಕಿಗಳನ್ನು ಮತ್ತೆ ಮತ್ತೆ ತೆಗೆದು ನೋಡತೊಡಗಿದಳು. ಊಟಕ್ಕೆ ಕರೆದರೆ ತಡವಾಗಿ ಹೋಗುವಳು, ಹೋದರೆ ಏನು ಉಂಡೆ ಎಂಬುದೂ ನೆನಪಿರುತ್ತಿರಲಿಲ್ಲ. ಗುರುಲಿಂಗವ್ವ ಅವಳ ಮುಖ ನೋಡಿ ನೋಡಿ ಹಿಗ್ಗಿದಳು.

ಅತ್ತೆ ಮೊದಲು ತಾನಾಗಿ ಎಳೆದದ್ದನ್ನು ಮಹಾನಂದಾ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಬಿಟ್ಟರೆ ಇಡೀ ಊರಿಗೆ ತಪ್ಪಿದವನು ಒಬ್ಬನೇ, ಅತ್ತೆಯ ಗಂಡ ಶಂಕ್ರಪ್ಪ. ಎಲೆಪೆಂಡಿ ಕೊಡಲು ಬಾದಾಮಿಗೆ ಹೋಗಿದ್ದ ಅವನು ಸಂಜೆ ಬಂದು, ಯಾರನ್ನೂ ಏನೂ ಕೇಳದೆ, ಹಲಗೆ ಎತ್ತಿಕೊಂಡು ಕುಳಿತುಬಿಟ್ಟ. ಕಣ್ಣು ಕಿರಿದು ಮಾಡಿ, ಹಿಂದೆ ಮುಂದೆ ವಾಲಿ, ಬಹಳ ಶ್ರದ್ಧೆಯಿಂದ ಎಳೆದು ಎರಡೂವರೆ ಬೆರಳು ತಪ್ಪು ಮಾಡಿದ. ಒಳಗಿನಿಂದ ಇದನ್ನು ನೋಡಿದ ಗುರುಲಿಂಗವ್ವ ಹಣೆ ಬಡಿದುಕೊಂಡಳು. ಆ ಸಂಜೆ ಅವನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ಯಾಕೆಂದು ಅವನಿಗೆ ತಿಳಿಯಲೂ ಇಲ್ಲ.

ಮಹಾನಂದಾ ಗದಗಿನ ಮೇಲಿಂದ ಧಾರವಾಡಕ್ಕೆ ಹೋಗಿ ಅಂಕಿಗಳನ್ನು ಸರ್ ಮುಂದಿಟ್ಟಳು. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು. ಎದ್ದು ಹೋಗಿ ಕರಿಹಲಗೆಯ ಮೇಲೆ ಒಂದು ಮೆದುಳು ಬರೆದರು. ಅದರ ಹಿಂಭಾಗಕ್ಕೆ ಸೀಮೆಸುಣ್ಣದಿಂದ ಗುರುತು ಮಾಡಿ, "ಇಲ್ಲೆ ನೋಡ್ರಿ. ಇಲ್ಲೆ ಎಲ್ಲೋ ಚೊಳಚಗುಡ್ಡದವರದು ಬ್ಯಾರೇನ ಅದ" ಎಂದರು. ಪಕ್ಕದ ಕೋಣೆಯವರನ್ನು ಕರೆದು ಹೇಳಿದರು. ಮನೆಗೆ ಹೋಗಿ ಹೆಂಡತಿಗೆ ಹೇಳಿದರು. ದಿಲ್ಲಿಯ ಕಾನ್ಫರೆನ್ಸಿಗೆ ಹೆಸರು ಕೊಡುವುದೆಂದೂ ನಿಶ್ಚಯವಾಯಿತು. ಇಷ್ಟೆಲ್ಲ ಸಂತೋಷದ ನಡುವೆ ಅವರನ್ನು ಚುಚ್ಚುತ್ತಿದ್ದುದು ಶಂಕ್ರಪ್ಪ ಒಬ್ಬನೇ.

"ಇವ್ರ್ಯಾರ್ರಿ? ಇಡೀ ಊರೊಳಗ ಇವ್ರೊಬ್ಬರಿಗೇ ಯಾಕ ಹಿಂಗ?"

"ನಮ್ಮ ಮಾಮಾರ ಸರ್. ತ್ವಾಟದಾಗನ ಇರ್ತಾರ."

"ಹಂಗಾದ್ರ ಏನರ ಕಾರಣ ಇರಬೇಕು. ಸಣ್ಣವರಿದ್ದಾಗ ತಲಿಗೆ ಪೆಟ್ಟು ಗಿಟ್ಟು ಬಿದ್ದಿತ್ತೇನು, ವಿಚಾರಿಸಿಕೊಂಡು ಬರ್ರಿ. ಮೆದುಳು ಭಾಳ ನಾಜೂಕು."

ಹಾಗಾಗಿ ಮಹಾನಂದಾ ಮತ್ತೆ ಚೊಳಚಗುಡ್ಡಕ್ಕೆ ಬಂದಳು. ಊಟಕ್ಕೆ ಕುಳಿತಾಗ, ಬಹಳ ಹಿಂಜರಿಯುತ್ತ, ಕೇಳಿಯೇಬಿಟ್ಟಳು.

"ಮಾಮಾ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ತಲಿಗೆ ಯಾವಾಗರ ಪೆಟ್ಟು ಬಿದ್ದಿತ್ತೇನ್ರಿ?"

ಶಂಕ್ರಪ್ಪ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಹೆಂಡತಿಯ ಕಡೆ ನೋಡಿದ.

"ಲಗ್ನಕ್ಕಿಂತ ಮೊದಲಿಂದು ಕೇಳಾಕತ್ತಿಯೋ, ಆಮ್ಯಾಲಿಂದು ಕೇಳಾಕತ್ತಿಯೋ?"

ಗುರುಲಿಂಗವ್ವ ಸಾರಿನ ಪಾತ್ರೆಯನ್ನು ಸದ್ದಾಗುವಂತೆ ಕೆಳಗಿಟ್ಟಳು. ಗಂಡ ಫೇಲಾದದ್ದು ಧಾರವಾಡದವರೆಗೂ ಹೋಯಿತಲ್ಲ ಎಂಬುದು ಅವಳ ಸಂಕಟ.

ಮರುದಿನ ಅತ್ತೆ ಬಟ್ಟೆ ಒಗೆಯಲು ಹೊಳೆಗೆ ಹೋದ ಹೊತ್ತಿನಲ್ಲಿ ಹುಚ್ಚಪ್ಪಜ್ಜ ಬಂದ. ಕೋಲು ಊರಿಕೊಂಡು, ಗೋಡೆ ಸವರುತ್ತ, ಮೆಟ್ಟಿಲು ಹತ್ತಿ ಪಡಸಾಲೆಗೆ ಬಂದು ಕುಳಿತ. ಎರಡೂ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. ಬೆಳಕು ಯಾವುದು, ನೆರಳು ಯಾವುದು ಎಂಬುದಷ್ಟೇ ಅವನಿಗೆ ತಿಳಿಯುತ್ತಿತ್ತು.

"ಊರ ಮಂದಿನ್ನೆಲ್ಲಾ ಕರಸಿದೆಂತ. ನನ್ನ ಒಬ್ಬನ್ನ ಬಿಟ್ಟಿ. ನಾ ಈ ಊರಾಂವ ಅಲ್ಲೇನು?" ಎಂದು ಸಿಟ್ಟಿನಿಂದಲೇ ಶುರುಮಾಡಿದ.

ಹಿರಿಯ ಜೀವ, ಬೇಡ ಎಂದರೆ ನೊಂದುಕೊಂಡಾನು ಎಂದು ಮಹಾನಂದಾ ಹಲಗೆಯನ್ನು ಅವನ ತೊಡೆಯ ಮೇಲಿಟ್ಟಳು. ಅವನು ಅದನ್ನು ಎರಡೂ ಕೈಯಿಂದ ತಡವಿ, "ಇದರ ಬಾಯಿ ಯಾ ಕಡಿ ಐತಿ?" ಎಂದು ಕೇಳಿದ. ಅವಳು ತೋರಿಸಿದಳು. ಅಲ್ಲಿ ಹೆಬ್ಬೆರಳು ಊರಿ, ಮುಖ ಬಾಗಿಲ ಕಡೆ ತಿರುಗಿಸಿ, ಮೆಲ್ಲಗೆ ಎಳೆದು ನಿಲ್ಲಿಸಿದ.

ಮಹಾನಂದಾ ಬೆನ್ನು ತಿರುವಿ ನೋಡಿದಳು. ಸಮ.

ಅವಳು ಇನ್ನೊಮ್ಮೆ ತಿರುವಿ ನೋಡಿದಳು.

"ಅಜ್ಜಾ, ನಿಮಗ ಗೆರಿ ಕಾಣ್ತಾವೇನ್ರಿ?"

"ಯಾ ಗೆರಿ?" ಎಂದ ಹುಚ್ಚಪ್ಪಜ್ಜ.

"ಮತ್ತ ಹ್ಯಾಂಗ ಸಮ ಮಾಡಿದ್ರಿ?"

"ಅದೇನ ದೊಡ್ಡದು! ಹೆಬ್ಬೆರಳಿಗೆ ಗೀರು ಹತ್ತೂತನ ಎಳೀಬೇಕು. ನಿಮ್ಮತ್ತಿ ಎಲ್ಲಾರಿಗೂ ಹೇಳಿಕೊಟ್ಟಾಳಲ್ಲ. ನಾನೂ ಕಟ್ಟಿ ಮ್ಯಾಲ ಕುಂತು ಕೇಳೇನಿ. ಹುಡುಗಿ ಪಾಸಾಗಬೇಕು ಅಂದ್ರ ಊರ ಮಂದಿ ಇಷ್ಟು ಮಾಡದಿದ್ರ ಹ್ಯಾಂಗ?"

ಮಹಾನಂದಾ ಪಟ್ಟಿಯ ಕೆಳ ಅಂಚಿಗೆ ಬೆರಳು ಎಳೆದಳು. ಗೀರು ಸಿಕ್ಕಿತು. ಕರಿಹಲಗೆಯ ಮೇಲಿನ ಮೆದುಳು, ಪಕ್ಕದ ಕೋಣೆಯ ಪ್ರೊಫೆಸರುಗಳು, ದಿಲ್ಲಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಹುಚ್ಚಪ್ಪಜ್ಜ ಮಾತ್ರ ಹಲಗೆಯನ್ನು ಹಿಂದಕ್ಕೆ ಕೊಟ್ಟು, "ನಂದೂ ಬರಕೊ ಮತ್ತ" ಎಂದು ಹೇಳಿ, ಗೋಡೆ ಸವರುತ್ತ ಇಳಿದು ಹೋದ.

ಗುರುಲಿಂಗವ್ವ ಒದ್ದೆ ಬಟ್ಟೆಯ ಗಂಟು ಹೊತ್ತು ಬಂದಾಗ ಸೊಸೆ ಹಲಗೆ ಹಿಡಿದುಕೊಂಡು ಹಾಗೆಯೇ ಕುಳಿತಿದ್ದಳು.

"ಅತ್ತಿ, ಇದೇನ ಮಾಡಿದಿ ನೀ?"

ಗುರುಲಿಂಗವ್ವ ಗೀರನ್ನೂ ನೋಡಿದಳು, ಸೊಸೆಯ ಮುಖವನ್ನೂ ನೋಡಿದಳು. ಮುಚ್ಚಿಡುವ ಯೋಚನೆ ಅವಳಿಗೆ ಬರಲೇ ಇಲ್ಲ.

"ನೀ ಏನಂದಿ? ಎರಡೂ ಸಮ ಮಾಡ್ರಿ ಅಂದಿ. ಮಾಡಿದ್ರು. ಸಮ ಇಲ್ಲೇನು?"

"ಸಮ ಐತಿ. ಆದ್ರ ಅವ್ರ ಕಣ್ಣಿಗೆ ಎಲ್ಲಿ ಸಮ ಕಾಣ್ತೈತಿ, ಅಲ್ಲಿ ನಿಲ್ಲಸಬೇಕಿತ್ತು."

"ಅಂದ್ರ ಸಮ ಇರೂದು ಬ್ಯಾಡ. ಸಮ ಕಂಡ್ರ ಸಾಕು?"

"ಹೂಂ."

"ಅದನ್ನ ಮೊದಲ ಹೇಳಬಾರದೇನ?" ಗುರುಲಿಂಗವ್ವನ ದನಿ ಏರಿತು. "ನಂದು ಎಳದು ನೋಡಿ ತಪ್ಪು ಅಂದಿ. ತಪ್ಪು ಕಡಿಮಿ ಆದ್ರ ಸಾಹೇಬ್ರಿಗೆ ಖುಷಿ ಅಂದಿ. ತಪ್ಪು ಮಾಡಿದವರನ್ನ ಪಾಸು ಮಾಡೂ ಪರೀಕ್ಷಿ ಇರತೈತಿ ಅಂತ ನನಗೇನ ಗೊತ್ತು?"

"ಇದು ಪರೀಕ್ಷಿ ಅಲ್ಲ ಅಂತ ಎಷ್ಟು ಸಲ ಹೇಳೇನಿ ಅತ್ತಿ!"

"ನಿಮ್ಮಪ್ಪಗ ಮಾತು ಕೊಟ್ಟಾಕಿ ನಾನು. ನೀನಲ್ಲ."

ಮಹಾನಂದಾ ಹಲಗೆಯನ್ನು ಪಕ್ಕಕ್ಕಿಟ್ಟಳು. ಅತ್ತೆಯ ಮೇಲೆ ಸಿಟ್ಟಿತ್ತು. ಆದರೆ ‘ಸಮ ಮಾಡ್ರಿ’ ಎಂದು ಎಲ್ಲರಿಗೂ ಹೇಳಿದ್ದು ತಾನೇ ಎಂಬುದೂ ನಿಜವಿತ್ತು. ಗುರುಲಿಂಗವ್ವ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಳು. ಒಂದೇ ಸೀರೆಯನ್ನು ಎರಡು ಮೂರು ಸಲ ಕೊಡವಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೇಳಿದಳು.

"ಈಗ ನಿನ್ನ ಫೇಲು ಮಾಡ್ತಾರೇನು?"

"ಗೊತ್ತಿಲ್ಲ ಅತ್ತಿ."

ಆಮೇಲೆ ಅವಳೂ ಎದ್ದು ಹಿತ್ತಲಿಗೆ ಹೋದಳು. ರಾಶಿ ರಾಶಿ ಒಗೆದ ಬಟ್ಟೆಯನ್ನು ಇಬ್ಬರೂ ಸೇರಿ ಒಣಹಾಕಿದರು.

ಸುಮ್ಮನಿದ್ದುಬಿಡುವ ದಾರಿಯೂ ಇತ್ತು. ಗೀರಿನ ವಿಷಯ ಧಾರವಾಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾದಾಮಿ ಸ್ಟೇಶನ್ನಿನ ಬೆಂಚಿನ ಮೇಲೆ ಕುಳಿತು ಮಹಾನಂದಾ ಆ ದಾರಿಯನ್ನು ಒಂದಿಷ್ಟು ದೂರ ಯೋಚಿಸಿಯೂ ನೋಡಿದಳು. ದಿಲ್ಲಿಯಿಂದ ಯಾರಾದರೂ ದೊಡ್ಡ ವಿದ್ವಾಂಸರು ಚೊಳಚಗುಡ್ಡಕ್ಕೆ ಬಂದರೆ, ಅವರ ಮುಂದೆ ಹುಚ್ಚಪ್ಪಜ್ಜ ತಾನಾಗಿಯೇ ಬಂದು ಕುಳಿತರೆ, ಎಂಬಲ್ಲಿಗೆ ಆ ಯೋಚನೆ ನಿಂತಿತು. ಗಾಡಿ ಬಂತು, ಹತ್ತಿದಳು.

ಇನಾಮದಾರ ಸರ್ ಎಲ್ಲವನ್ನೂ ಕೇಳಿದರು, ಆದರೆ ಒಪ್ಪಲಿಲ್ಲ.

"ಕಣ್ಣು ಕಾಣದವರಿಗೂ ಸ್ಪರ್ಶದ ಮ್ಯಾಲೆ ಉದ್ದ ತಿಳೀಬಹುದಲ್ರಿ. ಅದೂ ಒಂದು ವಿಚಾರ ಮಾಡೂ ಹಂಥಾದ್ದ ಅದ."

"ಸರ್, ಗೀರು ಐತ್ರಿ."

"ಗೀರು ಇರಲಿ. ಆದ್ರ ತೋಟದ ಪ್ರಭಾವ..."

"ಸರ್, ಮುಟ್ಟಿ ನೋಡ್ರಿ."

ಸರ್ ಹೆಬ್ಬೆರಳು ಊರಿ ಪಟ್ಟಿ ಎಳೆದರು. ಗೀರು ತಾಕಿತು. ಹಿಂದಕ್ಕೆ ದೂಡಿ ಮತ್ತೆ ಎಳೆದರು. ಮತ್ತೆ ತಾಕಿತು. ಅವರು ಹಲಗೆಯನ್ನು ಮೇಜಿನ ಮೇಲಿಟ್ಟು ಕಿಟಕಿಯಿಂದ ಹೊರಗೆ ನೋಡುತ್ತ ನಿಂತರು. ಕರಿಹಲಗೆಯ ಮೇಲೆ ಆ ಮೆದುಳು ಇನ್ನೂ ಇತ್ತು. ಯಾರೂ ಅಳಿಸಬಾರದೆಂದು ಅವರೇ ಅದರ ಕೆಳಗೆ ಬರೆದಿಟ್ಟಿದ್ದರು. ಕೊನೆಗೆ, "ನಾನ ಬರ್ತೇನಿ. ಖುದ್ದ ನೋಡಬೇಕು" ಎಂದರು. ಅಂಚು ಹೆರೆಸಿ ನುಣುಪು ಮಾಡಿಸಿದ ಹೊಸ ಪಟ್ಟಿ ಕೂಡಿಸಿದ್ದಾಯಿತು.

ಸರ್ ಬರುತ್ತಾರೆಂಬ ಸುದ್ದಿ ತಿಳಿದದ್ದೇ ಗುರುಲಿಂಗವ್ವ ಮನೆಗೆ ಸುಣ್ಣ ಬಳಿಸಿದಳು. ಫೇಲು ಮಾಡುವವರಾದರೂ ಮನೆಗೆ ಬಂದವರು ಬಂದವರೇ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಊರಿನ ಅರ್ಧ ಮಂದಿ ಕಟ್ಟೆಯ ಮೇಲೆ ಸೇರಿದ್ದರು. ಮಹಾನಂದಾ ಎದ್ದು ನಿಂತು, ಈ ಸಲ ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು.

"ಖರೇನ ಸಮ ಮಾಡೂದು ಬ್ಯಾಡ. ನಿಮ್ಮ ಕಣ್ಣಿಗೆ ಎಲ್ಲಿ ಸಮ ಅನಸ್ತೈತಿ, ಅಲ್ಲಿ ನಿಲ್ಲಸ್ರಿ. ಇದರಾಗ ಪಾಸು ಇಲ್ಲ, ಫೇಲೂ ಇಲ್ಲ."

ಯಾರೂ ನಂಬಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಬಾಳವ್ವ ಸೆರಗು ಸರಿಮಾಡಿಕೊಂಡು, "ಹಂಗಿದ್ರ ಮೊದಲ ಸಾಹೇಬ್ರ ಎಳೀಲಿ" ಎಂದಳು.

ಸರ್ ನಕ್ಕರು. ಈ ಗೆರೆಗಳನ್ನು ಇಪ್ಪತ್ತು ವರ್ಷದಿಂದ ಪಾಠ ಮಾಡಿದವರು ಅವರು. ತೋಳು ಮಡಿಚಿ, ಜಮಖಾನೆಯ ಮೇಲೆ ಚಕ್ಕಳಮಕ್ಕಳ ಕುಳಿತು, ಎಳೆದರು. ಬೆನ್ನು ತಿರುವಿದರೆ ಎರಡು ಬೆರಳು ತಪ್ಪು. ಕನ್ನಡಕ ಒರೆಸಿಕೊಂಡು ಮತ್ತೆ ಎಳೆದರು. ಒಂದಿಷ್ಟು ಮುಂದೆ ಹೋದರೂ ಮತ್ತೆ ತಪ್ಪೇ. ಗೊತ್ತಿದ್ದರೂ ಕಣ್ಣು ಕೇಳಲಿಲ್ಲ. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಕಂಬಕ್ಕೆ ಒರಗಿ ಕುಳಿತಿದ್ದ ಶಂಕ್ರಪ್ಪ ಬಹಳ ಕಾಳಜಿಯಿಂದ ಮುಂದೆ ಬಾಗಿದ.

"ಸಾಹೇಬ್ರ, ಸಣ್ಣವರಿದ್ದಾಗ ನಿಮ್ಮ ತಲಿಗೆ ಏನರ ಪೆಟ್ಟು ಬಿದ್ದಿತ್ತೇನ್ರಿ?"

ಮಹಾನಂದಾಳಿಗೆ ನೆಲ ಬಿರಿದರೆ ಸಾಕೆನಿಸಿತು. ಆದರೆ ಮೊದಲು ನಕ್ಕವರು ಸರ್. ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಕಟ್ಟೆಯೆಲ್ಲ ನಕ್ಕಿತು. ಸಾಹೇಬರಿಗೇ ತಪ್ಪುತ್ತದೆ ಎಂದ ಮೇಲೆ ತಮಗೇನು ಭಯ ಎಂದು ಒಬ್ಬರ ಹಿಂದೊಬ್ಬರು ಬಂದು ಎಳೆದರು. ಬಾಳವ್ವನ ಜೋಳದ ಧಾರಣೆಯ ಮಾತು ಈ ಸಲ ಬರಲಿಲ್ಲ. ನಾಲಗೆ ಕಚ್ಚಿಕೊಂಡು, ಗೆರೆಗಳನ್ನು ದುರುಗುಟ್ಟಿ ನೋಡಿ ಎಳೆದಳು. ಎರಡು ಬೆರಳು. ಮಾಯವ್ವ ಎರಡು ಬೆರಳು. ಶಿವಲಿಂಗಪ್ಪ ಅದಕ್ಕೂ ತುಸು ಹೆಚ್ಚು. ಕೊನೆಗೆ ಗುರುಲಿಂಗವ್ವನೂ ಎಳೆದು, ಎಷ್ಟಾಯಿತು ಎಂದು ಕೇಳದೆ ಎದ್ದು ಒಲೆಯ ಕಡೆ ಹೋದಳು. ಚೊಳಚಗುಡ್ಡದವರ ಕಣ್ಣು ಹುನಗುಂದದವರ ಕಣ್ಣಿನಂತೆಯೇ ಇತ್ತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಸರ್ ತಲೆ ಎತ್ತಿದರು. ಗೋಡೆಗಳನ್ನು, ಮೂಲೆಗಳನ್ನು, ಮಾಡಿನ ತೊಲೆಗಳನ್ನು ಒಂದೊಂದಾಗಿ ನೋಡಿದರು.

"ಇಲ್ಲೂ ಮನಿಗೋಳು ಚೌಕನ ಅದಾವಲ್ರೀ ಮಹಾನಂದಾ."

"ಹೌದ್ರಿ ಸರ್."

"ಮೊದಲ ಹೇಳಬಾರದಿತ್ತೇನ್ರಿ?"

ಒಳಗಿನಿಂದ ಗುರುಲಿಂಗವ್ವನ ದನಿ ಬಂತು. "ಹೇಳೂದನ್ನ ಹೊತ್ತಿಗೆ ಸರಿಯಾಗಿ ಹೇಳೂದಿಲ್ರಿ ಅಕಿ. ಸಣ್ಣಾಕಿ ಇದ್ದಾಗಿಂದ ಹಂಗ." ಬಿಸಿ ರೊಟ್ಟಿ ತಂದು ಅವರ ತಾಟಿಗೆ ಹಾಕಿ, ಮೇಲೆ ಬೆಣ್ಣೆ ಇಟ್ಟು, ಅಲ್ಲಿಯೇ ನಿಂತಳು. "ಸಾಹೇಬ್ರ, ತಪ್ಪು ಮಾಡಿದಾಕಿ ನಾನು. ಹುಡುಗೀನ ಏನೂ ಅನಬ್ಯಾಡ್ರಿ."

ಸರ್ ರೊಟ್ಟಿ ಮುರಿಯುತ್ತ ಸ್ವಲ್ಪ ಹೊತ್ತು ಯೋಚಿಸಿದರು. ನಿಧಾನವಾಗಿ ಅವರ ಮುಖಕ್ಕೆ ಹಳೆಯ ಕಳೆ ಬರತೊಡಗಿತು.

"ಅಲ್ರೀ ಮಹಾನಂದಾ, ನೀವು ಸಮ ಮಾಡ್ರಿ ಅಂದಾಗ ಒಂದು ಬಂತು. ಸಮ ಅನಿಸಿದಲ್ಲಿ ನಿಲ್ಲಸ್ರಿ ಅಂದಾಗ ಇನ್ನೊಂದು ಬಂತು. ಕೇಳೂ ರೀತಿ ಬದಲಾದ್ರ ಉತ್ತರ ಎಷ್ಟು ಬದಲಾಗ್ತದ, ಕೇಳಿದವರು ನಮ್ಮವರಾದ್ರ ಎಷ್ಟು, ಪರಕೀಯರಾದ್ರ ಎಷ್ಟು... ಇದರ ಮ್ಯಾಲೆ ಯಾರು ಕೆಲಸ ಮಾಡ್ಯಾರ? ಇನ್ನೊಂದು ರೊಟ್ಟಿ ಹಾಕ್ರಿ ಅವ್ವಾ."

ಗುರುಲಿಂಗವ್ವನಿಗೆ ಮಾತು ಪೂರ್ತಿ ತಿಳಿಯಲಿಲ್ಲ. ಆದರೆ ಫೇಲು ಮಾಡುವ ಮನುಷ್ಯ ಇಷ್ಟು ರೊಟ್ಟಿ ಉಣ್ಣುವುದಿಲ್ಲ ಎಂಬುದು ತಿಳಿಯಿತು. ಎರಡು ಹಾಕಿದಳು.

ದಿಲ್ಲಿಯ ಮಾತು ಅಲ್ಲಿಗೇ ಬಿಟ್ಟುಹೋಯಿತು. ಮಹಾನಂದಾ ಆ ಹೊಸ ವಿಷಯವನ್ನೇ ಹಿಡಿದು, ಹುನಗುಂದ, ಇಳಕಲ್, ಬಾದಾಮಿಗಳ ಬಸ್ಸುಗಳಲ್ಲಿ ಮತ್ತೆ ಅಲೆದು, ಎಂಬತ್ತೆರಡರಲ್ಲಿ ಡಾಕ್ಟರೇಟು ಪಡೆದಳು. ಅವಳ ತಂದೆ ಅರಳೆ ಅಂಗಡಿ ಒಂದು ದಿನ ಮುಚ್ಚಿ ಪೇಢೆ ಹಂಚಿದರು. ಸಾಯನ್ಸ್ ಎಂಬ ಮಾತು ಬಿಟ್ಟು ‘ಸೈಕಾಲಜಿ’ ಎಂದೇ ಹೇಳಲು ಕಲಿತರು, ಒಂದು ಅಕ್ಷರ ಹೆಚ್ಚುಕಡಿಮೆಯಾಗಿ. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಅವಳಿಗೆ ಕೆಲಸವೂ ಸಿಕ್ಕಿತು.

ಎಂಬತ್ತೈದರಲ್ಲಿ ಅಧ್ಯಾಪಕರ ತರಬೇತಿಗೆಂದು ಅವಳು ಧಾರವಾಡಕ್ಕೆ ಹೋದಳು. ಅಲ್ಲಿ ಇನಾಮದಾರ ಸರ್ ಅವರದೊಂದು ಉಪನ್ಯಾಸವಿತ್ತು. ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದಾಗ ಚೊಳಚಗುಡ್ಡದ ಹೆಸರು ಬಂತು. ಸರ್ ಬಹಳ ರಸವತ್ತಾಗಿ ಹೇಳುತ್ತಿದ್ದರು.

"ಅಂಕಿ ನೋಡಿದ ಕೂಡಲೇ ನನಗ ಸಂಶಯ ಬಂತು. ಇಷ್ಟು ಸರಿ ಇರೂದು ಸಾಧ್ಯನ ಇಲ್ಲ ಅಂದೆ. ತಡಾ ಮಾಡಲಿಲ್ಲ, ಗಾಡಿ ಹತ್ತಿದೆ. ಅಲ್ಲೆ ಒಬ್ಬ ಕಣ್ಣು ಕಾಣದ ಅಜ್ಜ ಇದ್ದಾ. ಬೇಕಂತಲೇ ಅವನ ಕೈಯಾಗ ಹಲಗಿ ಕೊಟ್ಟೆ ನೋಡ್ರಿ..."

ಸಭೆ ಚಪ್ಪಾಳೆ ತಟ್ಟಿತು. ಸರ್ ಕಣ್ಣು ಆಗ ಹಿಂದಿನ ಸಾಲಿನ ಮೇಲೆ ಬಿತ್ತು. ಮುಖದಲ್ಲಿ ಅಳುಕಿನ ಒಂದು ಗೆರೆಯೂ ಇರಲಿಲ್ಲ. ಹಳೆಯ ಶಿಷ್ಯೆಯನ್ನು ಕಂಡ ಸಂತೋಷ ಮಾತ್ರ ಇತ್ತು.

"ಅಲ್ಲೇ ಕೂತಾರ ನೋಡ್ರಿ, ಆವಾಗ ಅವರೂ ನನ್ನ ಸಂಗಾಟ ಇದ್ದರು. ಹೌದಲ್ಲೇನ್ರಿ ಮಹಾನಂದಾ?"

ಎಲ್ಲರೂ ತಿರುಗಿ ನೋಡಿದರು. ಮಹಾನಂದಾ ಎದ್ದು ನಿಂತಳು.

"ಹೌದ್ರಿ ಸರ್" ಎಂದಳು.

ಉಪನ್ಯಾಸ ಮುಗಿದ ಮೇಲೆ ಇಬ್ಬರೂ ಕ್ಯಾಂಟೀನಿನಲ್ಲಿ ಚಹಾ ಕುಡಿದರು. ಸರ್ ಅವಳ ಕಾಲೇಜು, ತಂದೆಯ ಆರೋಗ್ಯ ಎಲ್ಲ ವಿಚಾರಿಸಿದರು. ಮುಂದಿನ ಸಲ ಬರುವಾಗ ಅತ್ತೆ ಮಾಡಿದ ಶೇಂಗಾ ಚಟ್ನಿ ಒಂದು ಡಬ್ಬಿ ತರಬೇಕೆಂದು ಹೇಳಿದರು. ತರುತ್ತೇನೆಂದು ಒಪ್ಪಿಕೊಂಡು ಅವಳು ಸಂಜೆಯ ಗಾಡಿಗೆ ಹೊರಟಳು.